ನಿಮ್ಮ ಸರದಿ ತಡವಾದದ್ದು

ಅಕ್ಕಾ,

ನಿಮ್ಮ ಮುಖ ನೋಡುವ ಧೈರ್ಯವಿಲ್ಲದೆ ಈ ಚೀಟಿಯನ್ನು ಕೀಬೋರ್ಡಿನ ಕೆಳಗಿಟ್ಟಿದ್ದೇನೆ. ವಿಶ್ವವಿದ್ಯಾಲಯದ ಕಂಪ್ಯೂಟರುಗಳಲ್ಲಿ ನಿಮ್ಮ ಲೆಕ್ಕಾಚಾರ ಒಂಬತ್ತು ದಿನದಿಂದ ಸರದಿಯಲ್ಲೇ ಕೂತಿರುವುದಕ್ಕೆ ನಾನೇ ಕಾರಣ. ಹೋದ ತಿಂಗಳು ತಪ್ಪು ಪ್ರೋಗ್ರಾಮೊಂದನ್ನು ನಮ್ಮ ಲ್ಯಾಬಿನ ಹೆಸರಿನಲ್ಲಿ ನಲವತ್ತು ಯಂತ್ರಗಳಲ್ಲಿ ಓಡಲು ಬಿಟ್ಟು, ಎರಡು ವಾರ ಮರೆತೇಬಿಟ್ಟಿದ್ದೆ.

ಸರದಿ ನೋಡಿಕೊಳ್ಳುವವರನ್ನು ಅಂಗಲಾಚಿದೆ. "ನಿಮ್ಮ ಲ್ಯಾಬು ಪಾಲಿಗಿಂತ ಜಾಸ್ತಿ ಬಳಸಿದೆಯಮ್ಮ. ಕಡಿಮೆ ಬಳಸಿದವರಿಗೆ ಮೊದಲು ಸಿಗುತ್ತೆ. ನಾನೇನೂ ಮಾಡೋಕಾಗಲ್ಲ" ಎಂದರು. ಸರದಿಯಲ್ಲಿದ್ದ ನನ್ನ ಕೆಲಸಗಳನ್ನೆಲ್ಲ ತೆಗೆದುಹಾಕಿದೆ, ನಿಮ್ಮದು ಕದಲಲಿಲ್ಲ.

ಸೋಮವಾರ ನೀವು ಪ್ರಬಂಧ ಒಪ್ಪಿಸಬೇಕು. ದಯವಿಟ್ಟು ಲೆಕ್ಕವನ್ನು ಎರಡೆರಡು ಗಂಟೆಯ ತುಂಡು ಮಾಡಿ ಹಾಕಿ ನೋಡಿ. ದೊಡ್ಡ ಕೆಲಸಗಳ ನಡುವಿನ ಸಂದಿಯಲ್ಲಿ ತೂರಬಹುದಂತೆ.

ಮೊನ್ನೆ ನಮ್ಮ ಲ್ಯಾಬಿನ ಮೇಷ್ಟ್ರು, ಲೆಕ್ಕ ಇನ್ನೂ ಮುಗಿದಿಲ್ಲವೆಂದು, "ಇಷ್ಟೊಂದು ಸೋಮಾರಿತನಾನಾ?" ಎಂದು ನಿಮ್ಮನ್ನು ಬೈದಾಗ ನಾನು ಪಕ್ಕದಲ್ಲೇ ಇದ್ದೂ ಬಾಯಿ ಬಿಡಲಿಲ್ಲ. ಈಗ ಅವರ ಕೋಣೆಗೆ ಹೊರಟಿದ್ದೇನೆ. ಹೇಳಿದ ಮಾತ್ರಕ್ಕೆ ಸರದಿ ಸರಿಯುವುದಿಲ್ಲ, ಗೊತ್ತು.

ನಿಮ್ಮ ಪಕ್ಕದ ಮೇಜಿನವಳು