ಚಕ್ರ ತಿರುಗಿಸುವವನ ಕಾಗದ

ಕೆಮ್ಮಣ್ಣು
೧೪-೩-೧೯೭೮

ಹೆಂಚಿನ ಕಾರ್ಖಾನೆಯ ಮ್ಯಾನೇಜರ್ ಸಿಲ್ವೆಸ್ಟರ್ ಪೊರ್ಬುಗಳಿಗೆ, ಅಚ್ಚಿನ ಚಕ್ರ ತಿರುಗಿಸುವ ಕೂಸಪ್ಪ ಕೈಮುಗಿದು ಬರೆಯುವುದು.

ನನ್ನ ಜೊತೆ ಅಚ್ಚಿನಲ್ಲಿದ್ದ ಅಪ್ಪಿಯಕ್ಕ ಮೊನ್ನೆ ಆಸ್ಪತ್ರೆಯಿಂದ ಮನೆಗೆ ಬಂದರು. ಬಲಗೈ ಮಣಿಕಟ್ಟಿನಿಂದ ಕೆಳಗೆ ಇಲ್ಲ. ಸುಟ್ಟ ಹೆಂಚನ್ನು ತಟ್ಟಿ, ಸದ್ದು ಕೇಳಿ ಒಡಕು ಹುಡುಕುವ ಕೆಲಸ ಉಂಟಲ್ಲ, ಅದಕ್ಕೆ ಒಂದು ಕೈ ಸಾಕು. ಅದನ್ನು ಅವರಿಗೆ ಕೊಡಬೇಕು. ಅವರಾಗಿ ಕೇಳುವವರಲ್ಲ.

ಅಚ್ಚಿನ ಮೇಲೆ ಮಣ್ಣಿಟ್ಟು ಕೈ ತೆಗೆದ ಮೇಲೆ ಅವರು "ಆಂಡ್", ಆಯಿತು, ಎನ್ನಬೇಕು. ಆಮೇಲೆಯೇ ನಾನು ಚಕ್ರ ತಿರುಗಿಸಿ ಮೇಲಿನ ಅಚ್ಚು ಇಳಿಸಬೇಕು. ಆರು ವರ್ಷ ಹಾಗೆ ನಡೆದು, ಅವರ ಕೈ ಯಾವಾಗ ಹೊರಗೆ ಬರುತ್ತದೆಂದು ನನ್ನ ಮೈಗೇ ಗೊತ್ತು ಎಂದುಕೊಂಡಿದ್ದೆ. ಕೈ ಅಚ್ಚಿಗೆ ಸಿಕ್ಕಿದ ದಿನ "ಆಂಡ್" ಎಂದ ಮೇಲೆ ತಾನೇ ಮತ್ತೆ ಕೈ ಹಾಕಿದೆ ಎಂದು ಅಪ್ಪಿಯಕ್ಕ ನಿಮಗೆ ಹೇಳಿದರು. ನೀವು ಬರೆದುಕೊಂಡಿರಿ. ನಾನು ಸಾಕ್ಷಿ ಎಂದು ರುಜು ಹಾಕಿದೆ.

ನಿನ್ನೆ ಅವರನ್ನು ನೋಡಲು ಹೋಗಿದ್ದೆ. ಮೊದಲು ಬೆಲ್ಲ ತಂದಿಟ್ಟರು, ತಿರುಗಿ ಒಳಗೆ ಹೋಗಿ ನೀರು ತಂದರು. "ಎಡಗೈಯಲ್ಲಿ ಕೊಡುವುದು ಅಂತ ಬೇಜಾರು ಮಾಡ್ಬೇಡ ಮಾರಾಯ" ಎಂದರು.

ಸುಳ್ಳು ಯಾಕೆ ಹೇಳಿದ್ದು ಎಂದು ಕೇಳಿದೆ.

"ನನ್ನ ಕೈ ಹೋಯ್ತು. ಇನ್ನು ನಿನ್ನ ಕೆಲಸವೂ ಹೋಗ್ಬೇಕಾ?" ಎಂದರು.

ಪೊರ್ಬುಗಳೇ, ಚಕ್ರಕ್ಕೆ ಬೇರೆಯವರನ್ನು ನೋಡಿಕೊಳ್ಳಿ. ಆ ಕಾಗದ ಹರಿದು ಹೊಸದಾಗಿ ಬರೆಯಿರಿ. ಅಪ್ಪಿಯಕ್ಕ "ಆಂಡ್" ಎಂದಿರಲಿಲ್ಲ. ನಾನು ಕಾಯಲಿಲ್ಲ.

ಇಂತಿ,
ಕೂಸಪ್ಪ