ತಿರುವಿನಲ್ಲಿ ಸಿಕ್ಕಿಕೊಂಡ ಪಿಯಾನೋ

ಮಾರ್ಚ್ 3, ಸೋಮವಾರ

ಪ್ಯಾಂಟುಗಳ ಕೆಳಮಡಿಕೆ ಮುಗಿಸಿದೆ. ಒಂದು ಕೋಟಿನ ತೋಳು ಬಿಚ್ಚಿದೆ. ಮನಸ್ಸೆಲ್ಲ ಫೋನಿನ ಮೇಲೇ. ಮಧ್ಯಾಹ್ನ ಹಲ್ಲಿನ ಡಾಕ್ಟರರ ಮೆಸೇಜು ಬಂತು — ಪಿಯಾನೋ ನಿಮಗೇ ಕೊಡುತ್ತೇನೆ. ಸೂಜಿ ಚುಚ್ಚಿಕೊಂಡಿತು. ನೋವೇ ಆಗಲಿಲ್ಲ!

ಆನ್‌ಲೈನಿನಲ್ಲಿ ಫೋಟೋ ನೋಡಿದಂದಿನಿಂದ ಊಟ ರುಚಿಸಿಲ್ಲ. ಕಂದು ಬಣ್ಣ. ಗೋಡೆಗೆ ಒತ್ತಿಸಿ ನಿಲ್ಲಿಸುವಂಥದ್ದು, ನನ್ನ ಎದೆಮಟ್ಟ. ಡಾಕ್ಟರರ ಮಗಳು ಅದನ್ನು ಮುಟ್ಟದೆ ಎಷ್ಟೋ ಕಾಲವಾಯಿತಂತೆ. ದಿನವೆಲ್ಲ ಜನರ ಮೂವತ್ತೆರಡು ಹಲ್ಲು ನೋಡಿಕೊಳ್ಳುವವರ ಮನೆಯಲ್ಲಿ ಪಿಯಾನೋದ ಎಂಬತ್ತೆಂಟು ಕೀಗಳು ಸುಮ್ಮನೆ ಕೂತಿದ್ದವು.

ಒಂದೇ ಷರತ್ತು. ಶನಿವಾರ ಅವರು ಮನೆ ಖಾಲಿ ಮಾಡುತ್ತಾರೆ. ಅಷ್ಟರಲ್ಲಿ ಸಾಗಿಸದಿದ್ದರೆ ಪಿಯಾನೋ ಹೋಟೆಲಿನವರ ಪಾಲು. ಅವರೂ ಅದನ್ನೇ ಕೇಳಿ ನನ್ನ ಬೆನ್ನ ಹಿಂದೆಯೇ ಕಾದಿದ್ದಾರೆ.

ಮನೆಯಲ್ಲಿ ಇವರಿಗೆ ಇನ್ನೂ ಹೇಳಿಲ್ಲ.

ಮಾರ್ಚ್ 4, ಬೆಳಿಗ್ಗೆ

ಹೇಳಿದೆ. ಬಸ್ ಡ್ಯೂಟಿಗೆ ಹೊರಟವರು ಬೂಟು ಕೈಯಲ್ಲಿ ಹಿಡಿದು ಹಾಗೇ ಕೂತರು. ಐವತ್ತು ದಾಟಿದ ಮೇಲೆ ಪಿಯಾನೋ ಯಾಕೆ, ಯಾರು ಕಲಿಸುತ್ತಾರೆ ಎಂದರು. ಕೆಳಗೆ ಅಂಗಡಿಗೆ ಕರೆದುಕೊಂಡು ಬಂದೆ. ಕತ್ತರಿಸುವ ಮೇಜಿನ ಮೇಲಿನ ಬಟ್ಟೆ ಸರಿಸಿದೆ. ಬಟ್ಟೆಗೆ ಗುರುತು ಹಾಕುವ ಚಾಕಿನಲ್ಲೇ ಬರೆದ ಪಿಯಾನೋ ಮನೆಗಳು, ಕಪ್ಪು-ಬಿಳಿ ಸಾಲಾಗಿ. ಒಂದು ವರ್ಷದಿಂದ ಫೋನು ನೋಡುತ್ತ ಅವುಗಳ ಮೇಲೇ ಬೆರಳಾಡಿಸುತ್ತಿದ್ದೇನೆ. ಗಿರಾಕಿ ಬಂದರೆ ಬಟ್ಟೆ ಎಳೆದುಬಿಡುತ್ತೇನೆ. ನನ್ನ ಕೈ ಏನು ನುಡಿಸುತ್ತದೆ ಎಂದು ಇಷ್ಟು ದಿನದಲ್ಲಿ ಒಮ್ಮೆಯೂ ಕಿವಿಯಾರೆ ಕೇಳಿಲ್ಲ. ಕೇಳಬೇಕು. ಅಷ್ಟೇ ಆಸೆ.

ಇವರು ಬೂಟು ಕೆಳಗಿಟ್ಟು ಬಗ್ಗಿ ನೋಡಿದರು. ಆಮೇಲೆ ತೂಕ ಎಷ್ಟು ಎಂದು ಕೇಳಿದರು. ಹೇಳಿದೆ.

"ಅಂದ್ರೆ ನಮ್ಮಮ್ಮನಂಥವರು ನಾಲ್ಕು ಜನ. ಒಬ್ಬರನ್ನೇ ಸಂಭಾಳಿಸೋಕಾಗ್ತಿಲ್ಲ ನಿನಗೆ."

ಅಂದರೆ ಒಪ್ಪಿಗೆ!

ಮಹಡಿಯ ಹಿಂದಿನ ಕೋಣೆಯಲ್ಲಿ ಇಡುವುದು. ಬಾಗಿಲು ಹಾಕಿದರೆ ಬೀದಿಗೆ ಕೇಳದು. ತಪ್ಪಿದರೂ ನನಗೊಬ್ಬಳಿಗೇ ಗೊತ್ತು. ಟೈಲರಮ್ಮನಿಗೆ ಈ ವಯಸ್ಸಲ್ಲಿ ಏನು ಬಂತು ಅಂತ ಬೀದಿಯವರ ಬಾಯಿಗೆ ಬೀಳುವುದು — ಅದೊಂದು ಬೇಡವೇ ಬೇಡ.

ಮಾರ್ಚ್ 5

ಸಾಗಿಸುವವರಿಗೆ ಫೋನೋ ಫೋನು. ಒಬ್ಬ, ಬೈಕಲ್ಲಿ ತರೋಕಾಗುತ್ತಾ ಎಂದ. ಇನ್ನೊಬ್ಬ ತೂಕ ಕೇಳಿ ಫೋನಿಟ್ಟ. ಕೊನೆಗೊಬ್ಬ ಮೇಸ್ತ್ರಿ ಸಿಕ್ಕರು. ತಿಜೋರಿ, ದೊಡ್ಡ ಫ್ರಿಜ್ಜು ಏರಿಸಿಳಿಸಿ ಪಳಗಿದವರು. ಮೆಟ್ಟಿಲಿನ ತಿರುವು ಅಳೆದು ಹೇಳಿ ಅಕ್ಕಾ, ಎಲ್ಲ ಸಿಕ್ಕಿಕೊಳ್ಳೋದು ಅಲ್ಲೇ ಎಂದರು.

ನಕ್ಕುಬಿಟ್ಟೆ. ಟೈಲರಿಗೆ ಅಳತೆಯ ಪಾಠವೇ! ಕೊರಳಲ್ಲಿದ್ದ ಟೇಪು ತೆಗೆದು ಅಳೆದೆ. ಇವರು ಆ ತುದಿ, ನಾನು ಈ ತುದಿ. ಪಿಯಾನೋ ಹೋಗಿ ಇನ್ನೂ ನಾಲ್ಕು ಬೆರಳು ಜಾಗ ಮಿಗುತ್ತದೆ. ಹಾಗೇ ಹೇಳಿದೆ.

ಮಾರ್ಚ್ 7

ಪಿಯಾನೋಗೆ ಹೊದಿಕೆ ಹೊಲಿದೆ. ದಪ್ಪ ನೀಲಿ ಬಟ್ಟೆ, ಅಂಚಿಗೆ ಪಟ್ಟಿ. ಅತ್ತೆ ನೋಡಿ, "ಕೂಸು ಹುಟ್ಟೋ ಮುಂಚೆ ಕುಲಾವಿ" ಎಂದರು. ಅನ್ನಲಿ. ಗಿರಾಕಿಗಳ ಕೆಲಸ ಹಾಗೇ ಬಿದ್ದಿದೆ.

ಮಾರ್ಚ್ 8, ಶನಿವಾರ, ಬೆಳಿಗ್ಗೆ 6

ನಾಲ್ಕಕ್ಕೇ ಎಚ್ಚರ. ಕೋಣೆ ಎರಡು ಸಲ ಗುಡಿಸಿದೆ. ಇವರು ರಜೆ ಹಾಕಿದ್ದಾರೆ! ನಾನು ಕೇಳಿರಲಿಲ್ಲ.

ಅದೇ ದಿನ, ಮಧ್ಯಾಹ್ನ

ಕೆಳಗಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಪಿಯಾನೋ ನನ್ನ ತಲೆಯ ಮೇಲೆ, ತಿರುವಿನಲ್ಲಿ. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಕಂಬಳಿ ಸುತ್ತಿದ ಅದರ ಕೆಳಗೆ ಮೇಸ್ತ್ರಿಯವರ ಜನ ಹಲಗೆ ಕೊಟ್ಟು ನಿಲ್ಲಿಸಿ ದಣಿವಾರಿಸಿಕೊಳ್ಳುತ್ತಿದ್ದಾರೆ.

ತಪ್ಪು ನನ್ನದೇ. ಟೇಪನ್ನು ಗೋಡೆಗುಂಟ ತಂದು, ಮೂಲೆಯಲ್ಲಿ ಬಾಗಿಸಿ, ಭುಜದಿಂದ ತೋಳಿಗೆ ಇಳಿಸುವ ಹಾಗೆ ಇಳಿಸಿದ್ದೆ. ಬಟ್ಟೆ ಬಾಗುತ್ತದೆ. ಮರ ಬಾಗುತ್ತದೆಯೇ? ಮೂವತ್ತು ವರ್ಷದ ಅಭ್ಯಾಸ. ಮೇಸ್ತ್ರಿಗೆ ಹೇಳಿದೆ. ಅವರು ಬೈಯಲಿಲ್ಲ, ಹಣೆ ಒರೆಸಿಕೊಂಡರು.

ಅತ್ತೆ ಮೇಲೆಯೇ ಉಳಿದುಬಿಟ್ಟಿದ್ದಾರೆ. ತಟ್ಟೆಯನ್ನು ಪಿಯಾನೋ ಮೇಲಿನಿಂದಲೇ ದಾಟಿಸಿದೆವು. ಊಟ ಮುಗಿಸಿ ಸುಮ್ಮನಿದ್ದರೇ? ಕಂಬಳಿ ಸರಿಸಿ, ಮುಚ್ಚಳಕ್ಕೆ ಅಂಟಿಸಿದ್ದ ಟೇಪು ಕಿತ್ತು, ಒಂದು ಮನೆ ಒತ್ತಿಯೇಬಿಟ್ಟರು. ಮೆಟ್ಟಿಲುದ್ದಕ್ಕೂ ಆ ನಾದ ಇಳಿದು ಬಂತು. ನನಗಿಂತ ಮೊದಲು ಅತ್ತೆ! ಹೊಟ್ಟೆಕಿಚ್ಚೂ ಆಯಿತು, ಕಣ್ಣೂ ತುಂಬಿತು.

ಸಂಜೆ

ಮೆಟ್ಟಿಲ ಕಂಬಿ ಬಿಚ್ಚಿದ ಮೇಲೆ ಪಿಯಾನೋ ಹಿಂದಕ್ಕೆ ಸರಿಯಿತು, ಮೇಲಕ್ಕೆ ಮಾತ್ರ ಹೋಗದು. ಸುದ್ದಿ ಕೇಳಿ ಡಾಕ್ಟರರ ಫೋನು ಬಂತು. ಹೋಟೆಲಿನವರು ನಮ್ಮಲ್ಲೇ ಬಂದು ಕೂತಿದ್ದಾರೆ, ಆಗದಿದ್ದರೆ ಹೇಳಿ, ಅದೇ ಲಾರಿಯಲ್ಲಿ ಅವರಲ್ಲಿಗೆ ಹೋಗಲಿ ಎಂದರು. ಮೇಸ್ತ್ರಿ ನನ್ನ ಮುಖ ನೋಡಿದರು. ಆಗ ಇವರು ಬಾಯಿಬಿಟ್ಟರು.

"ಅಂಗಡೀಲೇ ಇರ್ಲಿ. ಕತ್ತರಿಸೋ ಮೇಜಿನ ಕಾಲು ಬಿಚ್ಚಿದ್ರೆ ಮೇಜು ಮೇಲೆ ಹೋಗುತ್ತೆ, ಇಲ್ಲಿ ಜಾಗ ಆಗುತ್ತೆ."

ಅಂಗಡಿಯಲ್ಲಿ! ಮುಂದೆಲ್ಲ ಗಾಜು. ಅದರಾಚೆ ಬಸ್‌ಸ್ಟಾಪು. ಬೀದಿಯ ಕಿವಿಗೆ ಬೀಳದಿರಲಿ ಎಂದೇ ತಾನೇ ಹಿಂದಿನ ಕೋಣೆ ಹುಡುಕಿದ್ದು. ಕೊಟ್ಟುಬಿಡಿ ಎನ್ನಲು ಬಾಯಿ ತೆರೆದೆ. ಬಂದದ್ದು, ಕೆಳಗಿಳಿಸಿ ಎಂದು.

ಈಗ ಗಾಜಿನ ಹಿಂದೆ ನಿಂತಿದೆ. ನನ್ನದು!

ಮಾರ್ಚ್ 12

ಹೊದಿಕೆ ತೆಗೆದೇ ಇಲ್ಲ. ಅಂಗಡಿ ತೆರೆದಿದ್ದಷ್ಟು ಹೊತ್ತೂ ಜನ. ಯಾರದ್ದು ಎಂದರೆ, ಯಾರೋ ಇಟ್ಟು ಹೋಗಿದ್ದಾರೆ ಅಂತೇನೆ. ಎಷ್ಟು ಜನಕ್ಕೆ ಹೇಳಿದೆನೋ. ರಾತ್ರಿ ಅಂಗಡಿ ಮುಚ್ಚುವಾಗ ಹೊದಿಕೆಯ ಮೇಲೆಯೇ ಕೈಯಿಟ್ಟು ಬರುತ್ತೇನೆ. ಯಾಕೆ ನುಡಿಸುತ್ತಿಲ್ಲ ಎಂದು ಇವರು ಕೇಳುತ್ತಲೂ ಇಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು.

ಮಾರ್ಚ್ 13, ಬೆಳಿಗ್ಗೆ 11

ರಿಪೇರಿಗೆ ಕೋಟು ಕೊಟ್ಟಿದ್ದವರು ಬಂದಿದ್ದಾರೆ. ತೋಳು ಇನ್ನೂ ಬಿಚ್ಚಿದ ಹಾಗೇ ಇದೆ. ಬೈಯಬೇಕಿತ್ತು, ಬೈಯಲಿಲ್ಲ. ಹೊದಿಕೆಯ ಕಡೆ ತಿರುಗಿ, ಇದು ಯಾರದ್ದಮ್ಮಾ ಎಂದರು. ಯಾರೋ ಇಟ್ಟು ಹೋಗಿದ್ದಾರೆ ಎನ್ನಹೊರಟೆ. ಸುಳ್ಳು ಹೇಳಿ ಹೇಳಿ ಅದು ನಿಜವಾಗಿಯೂ ಬೇರೆಯವರದಾಗಿಬಿಟ್ಟರೆ?

"ನಂದು. ನುಡಿಸೋದೂ ನಾನೇ. ಸರಿಯಾಗಿ ಬರಲ್ಲ."

ಅವರು ಸ್ಟೂಲು ಎಳೆದುಕೊಂಡು ಕೂತರು. ಹೊದಿಕೆ ತೆಗೆದೆ. ಮೊದಲ ಸಾಲು ಬಂತು! ಇಷ್ಟು ದಿನ ಬೆರಳಿಗೆ ಮಾತ್ರ ಗೊತ್ತಿದ್ದದ್ದು ಕಿವಿಗೂ ಗೊತ್ತಾಯಿತು... ಇದು ನಾನಾ? ಎರಡನೇ ಸಾಲಿನಲ್ಲಿ ಎಡವಿದೆ. ಗಾಜಿನಾಚೆ ಬಸ್ಸಿಗೆ ನಿಂತವರು ತಿರುಗಿ ನೋಡಿದರು. ಯಾರೂ ನಗಲಿಲ್ಲ. ನಕ್ಕವಳು ನಾನೇ, ಜೋರಾಗಿ.

ಕೋಟು ನಾಳೆ ಕೊಡುತ್ತೇನೆಂದೆ. ಅವರು ಏಳುತ್ತಿಲ್ಲ. ಇನ್ನೊಂದು ಸಲ ಅಂತಿದ್ದಾರೆ. ಬರೆಯುವುದು ಆಮೇಲೆ, ಎರಡನೇ ಸಾಲು ಮೊದಲು —