ಖಣಿ ಆಟದ ಅಪ್ಪ

ಶಹಾಬಾದ

ಶಿವಕಾಂತಮ್ಮ ಅಕ್ಕೋರಿಗೆ ಶರಣು.

ನಮ್ಮ ಕಚೇರಿಯಲ್ಲಿ ನಿಮ್ಮ ಮೇಜಿನ ಹಸಿರು ಬಟ್ಟೆ ಕದ್ದ ಮಹಾಪರಾಧಿ ನಾನೇ. ಖಣಿಯಲ್ಲಿ ಅಪ್ಪನನ್ನು ಕಳೆದುಕೊಂಡ ಮಕ್ಕಳ ದುಃಖ ಹೊರಬರಲೆಂದು ನಾನು ಆಡಿಸುವ ಖಣಿ ಆಟಕ್ಕೆ ಬೇಕಾಗಿತ್ತು.

ತನ್ನ ಅಪ್ಪ ಕಲ್ಲಿನ ಖಣಿಯಲ್ಲಿ ಸತ್ತಂದಿನಿಂದ ಇಲ್ಲಿಯ ಪುಟ್ಟ ಹುಡುಗಿ ಮಹಾನಂದಾ ಮಾತೇ ಬಿಟ್ಟಿದ್ದಳಲ್ಲ. ನಿನ್ನೆ ಅವಳೇ ನನ್ನನ್ನು ಫರಸಿ ಕಲ್ಲಿನ ನೆಲದ ಮೇಲೆ ಮಲಗಿಸಿ, ಆ ಬಟ್ಟೆ ಹೊದಿಸಿದಳು. ಆಟದಲ್ಲಿ ನಾನು ಸತ್ತ ಅಪ್ಪ. ಸ್ವಲ್ಪ ಹೊತ್ತಿಗೆ ನನ್ನ ಭುಜ ಅಲುಗಾಡಿಸಿ, "ಯಪ್ಪಾ, ಏಳು! ಮನಿಗಿ ನಡಿ!" ಎಂದು ಚೀರಿದಳು. ಆಮೇಲೆ ಕೊರಳು ತಬ್ಬಿಕೊಂಡು ಮನಸಾರೆ ಅತ್ತಳು. ಹೆಣದ ಪಾತ್ರಕ್ಕೆ ಇಷ್ಟು ಜೀವ ತುಂಬುವ ನಟ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ!

ಸೇಡಂ, ವಾಡಿ, ಶಹಾಬಾದ ಮೂರೂ ಕಡೆ ಒಬ್ಬನೇ ಆಡಿಸಿ ಭಾಳ ದಣಿದಿದ್ದೇನೆ. ಇನ್ನೊಬ್ಬರನ್ನು ಕಳಿಸಿಕೊಡ್ರಿ. ಖರೆ ಹೇಳಬೇಕೆಂದರೆ ನಾನು ನಟಿಸಿರಲಿಲ್ಲ, ನಿದ್ದೆ ಹೋಗಿದ್ದೆ. ಸತ್ತ ಅಪ್ಪ ಗೊರಕೆ ಹೊಡೆಯುವುದನ್ನು ಕೇಳಿಯೇ ಅವಳು ಎಬ್ಬಿಸಿದ್ದು.

ನಿಮ್ಮ,
ಕಾಶೀನಾಥ